ತ್ರಿಪದಿ ಕವಿ ಸರ್ವಜ್ಞ

ಕನ್ನಡ ನಾಡಿನ ಜನಸಾಮಾನ್ಯರ ನಾಲಿಗೆಯ ಮೇಲೆ ಶತಮಾನಗಳಿಂದ ನೆಲೆಸಿರುವ ಕವಿಗಳಲ್ಲಿ ಸರ್ವಜ್ಞನು ಅಗ್ರಗಣ್ಯನು. ಈತನ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ 16ರಿಂದ 17ನೇ ಶತಮಾನದ ಅವಧಿಯಲ್ಲಿ ಗುರುತಿಸುತ್ತಾರೆ.

ಜನನ ಮತ್ತು ಜೀವನ:
ಜನಶ್ರುತಿಯ ಪ್ರಕಾರ ಈತನ ತಂದೆ ಇಂದಿನ ಹಾವೇರಿ ಜಿಲ್ಲೆಯ ಮಾಸೂರಿನ ಬಸವರಸ. ತಾಯಿ ಅಂಬಲೂರಿನ ಕುಂಬಾರ ಕುಲದ ಮಾಳಿ. ಮೊದಲ ಹೆಸರು ಪುಷ್ಪದತ್ತ. ಹುಟ್ಟಿನ ಕಾರಣದಿಂದ ಕುಲದ ಪ್ರಶ್ನೆ ಎದುರಾದಾಗ ಬಾಲಕನು ಮನೆಯನ್ನು ತೊರೆದು ದೇಶಸಂಚಾರ ಕೈಗೊಂಡನೆಂದು ಹೇಳಲಾಗುತ್ತದೆ. ಭಿಕ್ಷಾನ್ನವೇ ಆಹಾರ, ಊರ ಗುಡಿಯೇ ವಸತಿ. ರಾಜಾಶ್ರಯವಾಗಲಿ ಲಿಪಿಕಾರರಾಗಲಿ ಇಲ್ಲದ ಈ ಸಂಚಾರಿಗೆ ತನ್ನ ಮಾತು ಉಳಿಯಬೇಕಾದರೆ ಅದು ಕೇಳುಗರ ನೆನಪಿನಲ್ಲಿಯೇ ಉಳಿಯಬೇಕಾಗಿತ್ತು.

ಕಾವ್ಯರೂಪ:
ಇದಕ್ಕೆ ತಕ್ಕ ಸಾಧನವಾಗಿ ಒದಗಿದ್ದು ತ್ರಿಪದಿ. ಕ್ರಿ.ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ, ಹೆಣ್ಣುಮಕ್ಕಳ ಬೀಸುವ ಪದಗಳಲ್ಲಿಯೂ ಕಂಡುಬರುವ ಈ ಛಂದಸ್ಸು ಮೂರು ಸಾಲುಗಳದು. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು, ಹೀಗೆ ಒಟ್ಟು 11 ಅಂಶಗಣಗಳು. ಇವುಗಳಲ್ಲಿ 6 ಮತ್ತು 10ನೆಯವು ಎರಡು ಅಂಶಗಳ ಬ್ರಹ್ಮಗಣಗಳು. ಉಳಿದ ಒಂಬತ್ತು ಮೂರು ಅಂಶಗಳ ವಿಷ್ಣುಗಣಗಳು. ಗಣದ ಮೊದಲ ಅಂಶದಲ್ಲಿ ಒಂದು ಗುರು ಅಥವಾ ಎರಡು ಲಘು, ಮುಂದಿನ ಪ್ರತಿ ಅಂಶಕ್ಕೆ ಒಂದೇ ಅಕ್ಷರ. ಈ ಲೆಕ್ಕದಂತೆ ಇಡೀ ಪದ್ಯಕ್ಕೆ 31ರಿಂದ 42 ಅಕ್ಷರಗಳು ಮಾತ್ರ ಲಭ್ಯ. ಕೊನೆಯ ಗಣವನ್ನು ಸರ್ವಜ್ಞ ಎಂಬ ಅಂಕಿತವೇ ತುಂಬುವುದರಿಂದ ಹೇಳಬೇಕಾದುದನ್ನು ಹತ್ತು ಗಣಗಳಲ್ಲಿಯೇ ಹೇಳಿ ಮುಗಿಸಬೇಕು. ಕೃಷಿಯ ಹಿರಿಮೆ, ಸಾಲದ ಸಂಕಟ, ಗುರುಭಕ್ತಿ, ದಾನ, ಜಾತಿಭೇದದ ಟೊಳ್ಳುತನ, ಒಗಟು ಮುಂತಾದವೆಲ್ಲವೂ ಈ ಮಿತಿಯೊಳಗೆ ಅಡಕವಾಗಿವೆ. ಕುಲವನ್ನು ಪ್ರಶ್ನಿಸಿದ ಸಮಾಜಕ್ಕೆ ಆತನ ಉತ್ತರವೂ ಇದೇ ಮೂರು ಸಾಲುಗಳಲ್ಲಿದೆ.

ಸಂಗ್ರಹ ಕಾರ್ಯ:
ಅಕ್ಷರ ಅರಿಯದವರೂ ಕೇಳಿ ಕಲಿತು ದಾಟಿಸಿದ್ದರಿಂದ ಈ ಪದ್ಯಗಳು ಉಳಿದುಬಂದವು. ಆದರೆ ಬಾಯಿಂದ ಬಾಯಿಗೆ ಸಾಗುವಾಗ ಪಾಠಭೇದಗಳು ಹುಟ್ಟಿಕೊಂಡವು. ಅನ್ಯರ ರಚನೆಗಳೂ ಸೇರಿಕೊಂಡವು. ಕ್ರೈಸ್ತ ಧರ್ಮಗುರು ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಚದುರಿಹೋಗಿದ್ದ ತ್ರಿಪದಿಗಳನ್ನು ಪರಿಶ್ರಮದಿಂದ ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದರು. ಇಂದು ಸರ್ವಜ್ಞನ ಹೆಸರಿನಲ್ಲಿ ಸುಮಾರು 2,000 ತ್ರಿಪದಿಗಳು ಪ್ರಚಲಿತವಾಗಿವೆ.

ಸ್ಮರಣೆ:
2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯೂ, ಆಗಸ್ಟ್ 13ರಂದು ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ತಿರುವಳ್ಳುವರ್ ಎರಡು ಸಾಲುಗಳಲ್ಲಿಯೂ ಸರ್ವಜ್ಞನು ಮೂರು ಸಾಲುಗಳಲ್ಲಿಯೂ ಲೋಕನೀತಿಯನ್ನು ಹೇಳಿದವರು. ಪ್ರತಿ ವರ್ಷ ಫೆಬ್ರವರಿ 20ರಂದು ರಾಜ್ಯದಲ್ಲಿ ಸರ್ವಜ್ಞ ಜಯಂತಿಯನ್ನು ಆಚರಿಸಲಾಗುತ್ತಿದೆ. ಸ್ವಂತ ಮನೆಯಿಲ್ಲದೆ ಅಲೆದ ಕವಿಯ ಮಾತು ಇಂದಿಗೂ ನಾಡಿನ ಮನೆ ಮನೆಯಲ್ಲಿ ಕೇಳಿಬರುತ್ತಿದೆ.