ಬೆಟ್ಟ ಗೆದ್ದವನು, ಸೊಳ್ಳೆಗೆ ಸೋತವನು

ಕಳೆದ ಮಳೆಗಾಲದಲ್ಲಿ ನನಗೆ ಮಲೇರಿಯಾ ಬಂದಿತ್ತು. ಸಂಜೆ ಆಯ್ತು ಅಂದ್ರೆ ಚಳಿ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಡಾಕ್ಟರು ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು, ಗಾಜಿನ ಮೇಲೆ ಸವರಿ ನೋಡಿದರು, ಮಾತ್ರೆ ಕೊಟ್ಟರು. ಹತ್ತು ದಿನಕ್ಕೆ ಮತ್ತೆ ಸೈಕಲ್ ಹತ್ತಿ ಕಾಲೇಜಿಗೆ ಹೊರಟೆ. ನನ್ನದು ಇಷ್ಟೇ ಕಥೆ. ಆದರೆ ಹಾಸಿಗೆ ಹಿಡಿದಿದ್ದಾಗ ಓದಿದ ಒಬ್ಬ ಸೈಕಲ್ ಸವಾರನ ಬದುಕು ಮಾತ್ರ ತಲೆಯಿಂದ ಹೋಗಲೇ ಇಲ್ಲ. ಅವನ ಹೆಸರು ಫೌಸ್ತೊ ಕೊಪ್ಪಿ.

1919ರ ಸೆಪ್ಟೆಂಬರ್ 15ರಂದು ಇಟಲಿಯ ವಾಯವ್ಯ ಭಾಗದ ಕಾಸ್ತೆಲ್ಲಾನಿಯಾ ಎಂಬ ಗುಡ್ಡದ ಹಳ್ಳಿಯಲ್ಲಿ, ರೈತರ ಮನೆಯಲ್ಲಿ ಅವನು ಹುಟ್ಟಿದ. ಓದು ಹತ್ತಲಿಲ್ಲ. ಹದಿಮೂರಕ್ಕೇ ಶಾಲೆ ಬಿಟ್ಟು ನೋವಿ ಲಿಗೂರೆ ಪಟ್ಟಣದ ಮಾಂಸದಂಗಡಿಗೆ ಸೇರಿದ. ಮನೆಮನೆಗೆ ಸೈಕಲ್ ಮೇಲೆ ಮಾಂಸ ಮುಟ್ಟಿಸುವುದು ಅವನ ಕೆಲಸ. ಆ ಊರಲ್ಲಿ ಬಿಯಾಜೊ ಕಾವಾನ್ನ ಎಂಬ ಕುರುಡ ಅಂಗಮರ್ದನಕಾರನಿದ್ದ. ಕಣ್ಣಿಲ್ಲದಿದ್ದರೂ ಸವಾರರ ಕಾಲು ಬೆನ್ನು ಮುಟ್ಟಿಯೇ ಅವರ ಯೋಗ್ಯತೆ ಅಳೆಯುತ್ತಿದ್ದವನು. ಈ ಬಡಕಲು ಹುಡುಗನನ್ನು ಪಳಗಿಸಿದವನು ಅವನೇ.

1940ರಲ್ಲಿ ಕೊಪ್ಪಿ ಲೆನ್ಯಾನೊ ತಂಡ ಸೇರಿದ. ಜೀನೊ ಬಾರ್ತಲಿ ಆ ತಂಡದ ನಾಯಕ, ದೇಶಕ್ಕೇ ದೊಡ್ಡ ಹೆಸರು. ಕೊಪ್ಪಿ ಬರೀ ಸಹಾಯಕ. ರಸ್ತೆಯ ರೇಸಿನಲ್ಲಿ ಸಹಾಯಕ ಅಂದ್ರೆ ಏನು ಗೊತ್ತೇ? ನಾಯಕನ ಮುಂದೆ ಗಾಳಿಗೆ ಎದೆಯೊಡ್ಡಿ ಹೋಗಬೇಕು. ಹಿಂದೆ ಬರುವವನಿಗೆ ಅಷ್ಟರಮಟ್ಟಿಗೆ ಶ್ರಮ ಕಡಿಮೆ. ನೀರು ತಂದುಕೊಡಬೇಕು, ಅವನ ಗಾಲಿ ಕೆಟ್ಟರೆ ತನ್ನ ಗಾಲಿ ಬಿಚ್ಚಿ ಕೊಡಬೇಕು. ಆದರೆ ಆ ವರ್ಷದ ಜಿರೋ ದಿಟಾಲಿಯಾದ ಶುರುವಿನಲ್ಲೇ ಬಾರ್ತಲಿ ಬಿದ್ದು ಪೆಟ್ಟು ಮಾಡಿಕೊಂಡ. ಸಹಾಯಕನೇ ಮುಂದೆ ಹೋದ, ಗೆದ್ದೂಬಿಟ್ಟ. ಆಗ ಅವನಿಗೆ ಇಪ್ಪತ್ತು ವರ್ಷ, ಈಗ ನನಗೆಷ್ಟೋ ಅಷ್ಟೇ. ರೇಸು ಮುಗಿದದ್ದು ಜೂನ್ 9ಕ್ಕೆ. ಮರುದಿನವೇ ಇಟಲಿ ಯುದ್ಧಕ್ಕೆ ಇಳಿಯಿತು.

1942ರ ನವೆಂಬರಿನಲ್ಲಿ ಮಿಲಾನಿನ ವಿಗೊರೆಲ್ಲಿ ಟ್ರ್ಯಾಕಿನ ಮೇಲೆ ಒಬ್ಬನೇ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗೂ ಹೆಚ್ಚು ತುಳಿದು ವಿಶ್ವದಾಖಲೆ ಮಾಡಿದ. 1956ರವರೆಗೆ ಅದನ್ನು ಯಾರೂ ಮುರಿಯಲಿಲ್ಲ. ಆಮೇಲೆ ಸೈನ್ಯಕ್ಕೆಂದು ಆಫ್ರಿಕಕ್ಕೆ ಹೋಗಿ, 1943ರಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ. ನಮ್ಮ ಲೆಕ್ಕಪತ್ರದ ಭಾಷೆಯಲ್ಲಿ ಹೇಳೋದಾದ್ರೆ, ಅವನ ಒಳ್ಳೆಯ ವಯಸ್ಸಿನ ಬಹುಪಾಲನ್ನು ಯುದ್ಧವೇ ವಜಾ ಹಾಕಿಕೊಂಡಿತು.

ಆದರೂ ಎದ್ದು ಬಂದ. 1946ರ ಮಿಲಾನ್–ಸಾನ್ ರೆಮೊ ರೇಸಿನಲ್ಲಿ ಎರಡನೆಯವನು ಬರುವ ಹೊತ್ತಿಗೆ ಕೊಪ್ಪಿ ಮುಟ್ಟಿ ಹದಿನಾಲ್ಕು ನಿಮಿಷವಾಗಿತ್ತು. 1949ರ ಜಿರೋದಲ್ಲಿ ಕೂನೆಯೊದಿಂದ ಪಿನೆರೋಲೊವರೆಗೆ ಐದು ಘಟ್ಟ ಹತ್ತಿ ಇಳಿದ. ಅದರಲ್ಲಿ ಸುಮಾರು 190 ಕಿಲೋಮೀಟರು ಒಬ್ಬಂಟಿ. ಎರಡನೆಯವನಾಗಿ ಬಂದವನು ಹಳೇ ನಾಯಕ ಬಾರ್ತಲಿ, ಹನ್ನೆರಡು ನಿಮಿಷದಷ್ಟು ಹಿಂದೆ. ಆ ವರ್ಷ ಜಿರೋ, ಟೂರ್ ದ ಫ್ರಾನ್ಸ್ ಎರಡನ್ನೂ ಗೆದ್ದ. ಒಂದೇ ವರ್ಷ ಎರಡನ್ನೂ ಗೆದ್ದವರಲ್ಲಿ ಅವನೇ ಮೊದಲಿಗ.

ಅವನ ತಮ್ಮ ಸೆರ್ಸೆಯೂ ಸವಾರನೇ. 1951ರ ಜೂನಿನಲ್ಲಿ ತೂರಿನ್ ನಗರದ ಟ್ರಾಮಿನ ಹಳಿಗೆ ಗಾಲಿ ಸಿಕ್ಕಿ ಬಿದ್ದ. ಏನೂ ಆಗಿಲ್ಲವೆಂಬಂತೆ ಎದ್ದು ರೇಸು ಮುಗಿಸಿದ. ಅದೇ ದಿನ ಮಿದುಳಿನಲ್ಲಿ ರಕ್ತಸ್ರಾವವಾಗಿ ಸತ್ತ. ಕೆಲವೇ ದಿನದಲ್ಲಿ ಅಣ್ಣ ಟೂರಿಗೆ ಹೊರಟ, ಹತ್ತನೆಯವನಾಗಿ ಮುಗಿಸಿದ. ನನಗೂ ಒಬ್ಬ ತಮ್ಮ ಇದ್ದಾನೆ. ಕೊಪ್ಪಿಯ ಗೆಲುವುಗಳಿಗಿಂತ ಈ ಹತ್ತನೆಯ ಸ್ಥಾನವೇ ನನಗೆ ದೊಡ್ಡದಾಗಿ ಕಾಣುತ್ತೆ. ಮರುವರ್ಷ ಮತ್ತೆ ಜಿರೋ, ಟೂರ್ ಎರಡೂ ಅವನವೇ. 1953ರಲ್ಲಿ ಐದನೇ ಜಿರೋ, ಜೊತೆಗೆ ವಿಶ್ವ ಚಾಂಪಿಯನ್ ಪಟ್ಟ.

ಹೆಂಡತಿ ಇದ್ದೂ ಮದುವೆಯಾದ ಇನ್ನೊಬ್ಬ ಹೆಂಗಸಿನೊಡನೆ ಸಂಸಾರ ಹೂಡಿದ. ಆಗಿನ ಇಟಲಿಯಲ್ಲಿ ಅದು ಅಪರಾಧ; ಕೋರ್ಟು ಹತ್ತಿದ್ದೂ ಆಯಿತು. ಜಯಕಾರ ಹಾಕಿದ ಜನರಲ್ಲಿ ಎಷ್ಟೋ ಮಂದಿ ಮುಖ ತಿರುಗಿಸಿದರು. ಇದನ್ನು ಮುಚ್ಚಿಟ್ಟು ಬರೆಯೋದು ಸರಿಯಲ್ಲ ಅನ್ನಿಸಿತು.

1959ರ ಡಿಸೆಂಬರಿನಲ್ಲಿ, ಈಗ ಬುರ್ಕೀನಾ ಫಾಸೊ ಎನ್ನುವ ಅಂದಿನ ಅಪ್ಪರ್ ವೋಲ್ಟಾದಲ್ಲಿ ಒಂದು ರೇಸಿಗೆ ಹೋದ. ಅಲ್ಲಿ ಜೊತೆಗಿದ್ದವನು ಫ್ರಾನ್ಸಿನ ರಫಾಯೆಲ್ ಜೆಮಿನಿಯಾನಿ. ಊರಿಗೆ ಮರಳಿದ ಮೇಲೆ ಇಬ್ಬರಿಗೂ ಜ್ವರ. ಫ್ರಾನ್ಸಿನಲ್ಲಿ ರಕ್ತ ಪರೀಕ್ಷಿಸಿ ಮಲೇರಿಯಾ ಎಂದು ಗುರುತಿಸಿ ಕ್ವಿನೈನ್ ಕೊಟ್ಟರು, ಜೆಮಿನಿಯಾನಿ ಉಳಿದ. ಇಟಲಿಯಲ್ಲಿ ಬೇರೆ ಕಾಯಿಲೆಯೆಂದು ಚಿಕಿತ್ಸೆ ನಡೆಯಿತು. 1960ರ ಜನವರಿ 2ರಂದು, ನಲವತ್ತನೇ ವಯಸ್ಸಿನಲ್ಲಿ ಕೊಪ್ಪಿ ತೀರಿಕೊಂಡ.

ಮಿತ್ರರೇ, ಮಲೇರಿಯಾದ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಮೊದಲು ಕಂಡದ್ದು 1897ರಲ್ಲಿ, ನಮ್ಮ ಈ ಸಿಕಂದರಾಬಾದಿನಲ್ಲೇ. ಕೊಪ್ಪಿ ಸಾಯುವ ಹೊತ್ತಿಗೆ ಅರವತ್ತು ವರ್ಷ ದಾಟಿತ್ತು. ಕಾಯಿಲೆ ಗೊತ್ತಿತ್ತು, ಔಷಧಿ ಇತ್ತು. ಎರಡೂ ಅವನ ಹಾಸಿಗೆಯ ಹತ್ತಿರ ಹೊತ್ತಿಗೆ ಸರಿಯಾಗಿ ಬಂದು ಸೇರಲಿಲ್ಲ, ಅಷ್ಟೇ. ನಾನು ಯಾವ ರೇಸೂ ಗೆದ್ದವನಲ್ಲ. ಆದರೂ ಕಾಲೇಜಿಗೆ ಸೈಕಲ್ ತುಳಿಯುವಾಗ ಆ ಗಾಜಿನ ಮೇಲಿನ ಒಂದು ಹನಿ ರಕ್ತ ನೆನಪಾಗುತ್ತೆ.