ಕಲ್ಕತ್ತಾ ಕೊಂಡಾಡಿದ ಬೆಂಗಳೂರು ಹುಡುಗ

ಯಾರು ಶ್ರೇಷ್ಠ ಎಂಬ ವಾಗ್ವಾದಕ್ಕೆ ಫುಟ್‌ಬಾಲ್ ಲೋಕದಲ್ಲಿ ಬಿಡುವೇ ಇಲ್ಲ. ಕೋಗಿಲು, ಯಲಹಂಕದ ಕಡೆ ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಕೃತಕ ಹುಲ್ಲಿನ ಮೇಲೆ ಆಡುವ ಹುಡುಗರಲ್ಲಿ ಅದು ಮೆಸ್ಸಿ, ರೊನಾಲ್ಡೊ ಅವರಿಂದ ಆರಂಭವಾಗಿ ಸುನಿಲ್ ಛೆಟ್ರಿವರೆಗೆ ಬಂದು ನಿಲ್ಲುತ್ತದೆ. ಅದಕ್ಕೂ ಹಿಂದೆ ಇದೇ ಊರಿನಿಂದ ಬರಿಗಾಲಲ್ಲಿ ಹೊರಟು ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಅವರ ಹೆಸರು ಆ ಮಾತಿನ ನಡುವೆ ಬರುವುದು ಅಪರೂಪ.

1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದ ಅಹ್ಮದ್ ಖಾನ್, ಚೆಂಡಾಟವೇ ಉಸಿರಾಗಿದ್ದ ಮನೆತನದ ಕುಡಿ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳೊಂದಿಗೆ ಸೆಣಸಿ ಪಳಗಿದ ತಂಡಗಳು ಆಗ ಬೆಂಗಳೂರಿನಲ್ಲಿದ್ದವು. 1937ರಲ್ಲಿ ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಕ್ರೆಸೆಂಟ್ಸ್ ತಂಡದಲ್ಲಿ ಆಟ ಕಲಿತ ಅಹ್ಮದ್, ಮುಂದೆ ಈ ತಂಡದ ಅಂಗಿ ತೊಟ್ಟರು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿ ಮೈಸೂರು ಸಂಸ್ಥಾನದ ಆಟಗಾರರದು ದೊಡ್ಡ ಪಾಲು. ಜುಲೈ 31ರಂದು ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ಬಹುಪಾಲು ಭಾರತೀಯರ ಕಾಲಲ್ಲಿ ಬೂಟುಗಳಿರಲಿಲ್ಲ. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಮೈಸೂರಿನವರೇ ಆದ ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು ಭಾರತ 1-2ರಿಂದ ಸೋತಿತು. ಚೆಂಡನ್ನು ಕಾಲಬೆರಳುಗಳಿಗೆ ಅಂಟಿಸಿಕೊಂಡಂತೆ ಸಾಗುತ್ತಿದ್ದ ಇನ್‌ಸೈಡ್ ಲೆಫ್ಟ್ ಆಟಗಾರ ಅಹ್ಮದ್‌ಗೆ ಹಾವಾಡಿಗ ಎಂಬ ಬಿರುದು ಅಂಟಿಕೊಂಡಿತು. ಎದುರಾಳಿಗಳನ್ನು ತನ್ನತ್ತ ಸೆಳೆದು, ಅವರು ಹತ್ತಿರವಾಗುತ್ತಿದ್ದಂತೆ ಚೆಂಡನ್ನು ತೆರವಾದ ಜಾಗಕ್ಕೆ ದಾಟಿಸುವುದೇ ಅವರ ಆಟದ ಗುಟ್ಟು. ಗೋಲಿನ ಪಟ್ಟಿಯಲ್ಲಿ ಇಂಥ ಆಟಗಾರರ ಹೆಸರು ಕಡಿಮೆ ಕಾಣುತ್ತದೆ. ಅಂಕಿಗಳಿಂದಲೇ ಆಟಗಾರರನ್ನು ಅಳೆಯುವವರು ಅಹ್ಮದ್‌ರನ್ನು ತಪ್ಪಾಗಿ ತೂಗುವುದು ಇಲ್ಲೇ.

ಲಂಡನ್‌ನಿಂದ ಮರಳಿದ ಮೇಲೆ ಕಲ್ಕತ್ತಾ ಕೈಬೀಸಿ ಕರೆಯಿತು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣದ ಊರುಗಳಿಂದ ಪ್ರತಿಭೆಗಳನ್ನು ಹೆಕ್ಕಿ ತಂದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಈ ಐವರ ಮುಂಚೂಣಿ ಪಂಚಪಾಂಡವರೆಂದೇ ಮನೆಮಾತಾಯಿತು. 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್ಎ ಶೀಲ್ಡ್, 1951 ಮತ್ತು 1952ರಲ್ಲಿ ಡುರಾಂಡ್ ಕಪ್ ಈಸ್ಟ್ ಬೆಂಗಾಲ್ ಪಾಲಾದವು. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆ ಕ್ಲಬ್ಬೇ ತವರಾಗಿದ್ದ ಕಾಲವದು. ಬಂಗಾಳಿ ಬಾರದ ಐವರು ದಕ್ಷಿಣದವರನ್ನು ಆ ಜನ ತಮ್ಮವರೆಂದು ಹೆಗಲ ಮೇಲೆ ಹೊತ್ತರು!

ಆಗ ಕ್ಲಬ್ಬಿಗೆ ಮಾಲೀಕರೆಂಬವರು ಇರಲಿಲ್ಲ. ಅದು ಸದಸ್ಯರ ಸಂಘ. ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ತಂಡವನ್ನು 1-0ರಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಇದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ಎಲ್ಲವೂ ತಲೆಕೆಳಗು. ಕೊರೆಯುವ ಚಳಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಬಾರಿಸಿತು. ಭಾರತದ ಏಕೈಕ ಗೋಲು ಪಂದ್ಯ ಮುಗಿಯುವ ಹೊತ್ತಿಗೆ ಅಹ್ಮದ್ ಕಾಲಿನಿಂದ ಬಂತು. ಆ ಸೋಲಿನ ನಂತರವೇ ಭಾರತದ ಫುಟ್‌ಬಾಲ್‌ನಲ್ಲಿ ಬೂಟು ಕಡ್ಡಾಯವಾಯಿತು. ಅಮೆರಿಕದ ಫುಟ್‌ಬಾಲ್‌ನಲ್ಲಿ ಡ್ಯಾನ್ ಮರಿನೊ ಎಂಬ ಕ್ವಾರ್ಟರ್‌ಬ್ಯಾಕ್ ಒಮ್ಮೆಯೂ ಸೂಪರ್ ಬೌಲ್ ಗೆಲ್ಲಲಿಲ್ಲವೆಂದು ಇಂದಿಗೂ ಅವರ ಹಿರಿಮೆಯಲ್ಲಿ ಕಡಿತ ಮಾಡುವವರಿದ್ದಾರೆ. ಹತ್ತೊಂದರ ಸೋಲನ್ನು ಅಹ್ಮದ್ ಖಾತೆಗೆ ಬರೆಯುವುದೂ ಅದೇ ಬಗೆಯ ಅನ್ಯಾಯ. ಹನ್ನೊಂದು ಮಂದಿಯ ಆಟದಲ್ಲಿ ಒಬ್ಬನ ಪಾಲು ಎಷ್ಟೆಂದು ಅಂತಿಮ ಅಂಕಿ ಹೇಳುವುದಿಲ್ಲ.

1954ರಲ್ಲಿ ಈಸ್ಟ್ ಬೆಂಗಾಲ್ ನಾಯಕತ್ವ ವಹಿಸಿದ ಅವರು, ಸುಮಾರು ಒಂದು ದಶಕ ಅದೇ ಕ್ಲಬ್ಬಿಗೆ ಆಡಿ ನಿವೃತ್ತರಾದರು. ಆ ದಶಕದ ಕಪ್‌ಗಳು ಕಲ್ಕತ್ತಾದಲ್ಲಿಯೇ ಉಳಿದವು. ಬೆಂಗಳೂರಿನಲ್ಲಿ ಆ ಹೊತ್ತಿಗೆ ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳ ತಂಡಗಳ ಕಾಲ ಬಂದಿತ್ತು. ಅಲ್ಲಿ ಆಟಗಾರನಿಗೆ ಸಂಬಳ, ಪಿಂಚಣಿ ಭದ್ರವಾಗಿತ್ತು. ಆದರೆ ತಲೆಮಾರುಗಳವರೆಗೆ ಹೆಸರು ಜಪಿಸುವ ಅಭಿಮಾನಿ ಬಳಗ ಕಾರ್ಖಾನೆಗೆ ಎಲ್ಲಿಂದ ಬರಬೇಕು?

ಮುಂದಿನದು ವಿಚಿತ್ರ ತಿರುವು. 1998ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಬಳಗವು ಈಸ್ಟ್ ಬೆಂಗಾಲ್ ಹಾಗೂ ಅದರ ಬದ್ಧ ಎದುರಾಳಿ ಮೋಹನ್ ಬಾಗಾನ್, ಎರಡರ ತಂಡಗಳಲ್ಲೂ ಅರ್ಧರ್ಧ ಪಾಲು ಹಿಡಿಯಿತು. ಒಂದೇ ಮನೆಯವರು ಎರಡೂ ಕಡೆ ಪಾಲುದಾರರು! ಆಟಗಾರರನ್ನು ಕಳುಹಿಸುತ್ತಿದ್ದ ಊರು ಈಗ ಬಂಡವಾಳ ಕಳುಹಿಸತೊಡಗಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ಒಡೆತನ ಮುಂಬಯಿಯ ಜೆಎಸ್‌ಡಬ್ಲ್ಯು ಸಮೂಹದ್ದು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಆ ತಂಡಕ್ಕೆ ಕಂಠೀರವ ಕ್ರೀಡಾಂಗಣದಲ್ಲಿ ಹಾಡಿ ಕುಣಿಯುವ ಬಳಗ ದೊರೆಯಿತು. ಅಹ್ಮದ್ ಖಾನ್ ತಮ್ಮ ಊರಿನಲ್ಲಿ ಕಾಣದೆ ಹೋದ ಸಂಭ್ರಮವದು.

ಇಳಿವಯಸ್ಸನ್ನು ಅವರು ಬೆಂಗಳೂರಿನಲ್ಲೇ ಕಳೆದರು. 2017ರ ಆಗಸ್ಟ್ 27ರಂದು, 90ರ ಹರೆಯದಲ್ಲಿ ಇಲ್ಲಿಯೇ ಕಣ್ಮುಚ್ಚಿದರು. ಮರುವರ್ಷ ಬೆಂಗಳೂರಿನ ಮತ್ತೊಂದು ಕಂಪೆನಿ ಕ್ವೆಸ್ ಈಸ್ಟ್ ಬೆಂಗಾಲ್ ತಂಡದ ಶೇ 70ರಷ್ಟು ಪಾಲು ಖರೀದಿಸಿತು. ಎರಡೇ ವರ್ಷಗಳಲ್ಲಿ, 2020ರಲ್ಲಿ, ಅದನ್ನು ಬಿಟ್ಟು ಹೊರನಡೆಯಿತು.