ಕುದುರೆಯನ್ನು ಮರೆತು ವಾನರನನ್ನು ನೆನೆದೆವು

ರಷ್ಯಾದ ಜೀವವಿಜ್ಞಾನಿ ಇಲ್ಯಾ ಇವಾನೋವಿಚ್ ಇವಾನೋವ್‌ನ ಹೆಸರು ಇಂದು ಎಲ್ಲಿಯಾದರೂ ಕಿವಿಗೆ ಬಿದ್ದರೆ, ಮನುಷ್ಯ ಮತ್ತು ಚಿಂಪಾಂಜಿಯ ಮಿಶ್ರತಳಿ ಹುಟ್ಟಿಸಲು ಹೊರಟ ಹುಚ್ಚನ ಕಥೆಯಾಗಿಯೇ ಬೀಳುತ್ತದೆ. ಕಥೆ ಸುಳ್ಳಲ್ಲ. ಆದರೆ ಆತನ ದುಡಿಮೆಯ ಬಹುಭಾಗ ಸಂದದ್ದು ಕುದುರೆ ಲಾಯಗಳಿಗೆ. ಕೃತಕ ಗರ್ಭಧಾರಣೆಯನ್ನು ವಿದ್ವಾಂಸರ ಕುತೂಹಲದ ಮಟ್ಟದಿಂದ ರೈತನ ಕೊಟ್ಟಿಗೆಗೆ ಇಳಿಸಿದವರಲ್ಲಿ ಆತನೇ ಮೊದಲಿಗ.

1870ರಲ್ಲಿ ಕುರ್ಸ್ಕ್ ಪ್ರಾಂತ್ಯದ ಶ್ಚಿಗ್ರಿ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದ ಇವಾನೋವ್, 1896ರಲ್ಲಿ ಖಾರ್ಕೊವ್ ವಿಶ್ವವಿದ್ಯಾಲಯದ ಪದವಿ ಪಡೆದ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಕಾಲ ಕಲಿತು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಾವ್ಲೊವ್‌ನ ಪ್ರಯೋಗಾಲಯ ಸೇರಿದ. ಕೃತಕ ಗರ್ಭಧಾರಣೆ ಆತನ ಕಲ್ಪನೆಯೇನಲ್ಲ. ಇಟಲಿಯ ಸ್ಪಲಾಂಜಾನಿ 1780ರಷ್ಟು ಹಿಂದೆಯೇ ನಾಯಿಯೊಂದರಲ್ಲಿ ಅದನ್ನು ಸಾಧಿಸಿ ತೋರಿಸಿದ್ದ. ಇವಾನೋವ್ ಕಂಡದ್ದು ಅದರ ಲೆಕ್ಕಾಚಾರವನ್ನು. ಜಾರ್ ದೊರೆಗಳ ರಷ್ಯಾದಲ್ಲಿ ನೇಗಿಲೂ ಸೈನ್ಯವೂ ನಿಂತದ್ದು ಕುದುರೆಯ ಮೇಲೆ. ಸಹಜ ಕ್ರಮದಲ್ಲಿ ಒಂದು ಗಂಡು ಕುದುರೆಯಿಂದ ಒಂದು ಹಂಗಾಮಿನಲ್ಲಿ 20-30 ಹೆಣ್ಣು ಕುದುರೆಗಳಷ್ಟೇ ಗಬ್ಬವಾಗಬಲ್ಲವು. ಹೀಗಾಗಿ ಉತ್ತಮ ತಳಿ ಲಾಯದ ಒಡೆಯನ ಸೊತ್ತಾಗಿಯೇ ಉಳಿಯುತ್ತಿತ್ತು.

ಇದೇನು ರಷ್ಯಾಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ರಾಯಚೂರು ಜಿಲ್ಲೆಯ ನಮ್ಮ ಗೊರೇಬಾಳದಲ್ಲಿ, ನನ್ನ ಬಾಲ್ಯದಲ್ಲಿ, ಒಳ್ಳೆಯ ಬೀಜದ ಹೋರಿ ಇದ್ದದ್ದು ಉಳ್ಳವರ ಮನೆಯಲ್ಲಿ. ಬೆದೆಗೆ ಬಂದ ಆಕಳನ್ನು ಹೊಡೆದುಕೊಂಡು ಬಂದವರು ಆ ಮನೆಯ ಮುಂದೆ ಕಾಯಬೇಕಿತ್ತು. ಅರ್ಥಶಾಸ್ತ್ರ ಓದಿದ ನಾನು ಇದನ್ನು ಪೂರೈಕೆಯ ಕೊರತೆ ಎನ್ನುತ್ತೇನೆ. ಕಾದು ನಿಂತವರಿಗೆ ಅದು ಹಂಗು.

ಇವಾನೋವ್ ಅನುಸರಿಸಿದ ವಿಧಾನ ಸರಳವಾದುದು. ಹೆಣ್ಣು ಕುದುರೆಯ ಯೋನಿಯಲ್ಲಿ ಶುದ್ಧವಾದ ಸ್ಪಂಜನ್ನು ಇರಿಸಿ, ಕೂಡಿಕೆಯ ನಂತರ ಅದನ್ನು ಹಿಂಡಿ ದೊರೆತ ವೀರ್ಯವನ್ನು ಹಲವು ಕುದುರೆಗಳ ಗರ್ಭಕೋಶಕ್ಕೆ ಕೊಳವೆಯ ಮೂಲಕ ಸೇರಿಸುವುದು. 1901ರಲ್ಲಿ ಓರ್ಯೋಲ್ ಪ್ರಾಂತ್ಯದ ದೋಲ್ಗೊಯೆ ಗ್ರಾಮದಲ್ಲಿ ಇದಕ್ಕೆಂದೇ ಕೇಂದ್ರವೊಂದನ್ನು ತೆರೆದ. ಪಶುವೈದ್ಯರಿಗೆ ತರಬೇತಿ ನೀಡಿದ. ಒಂದು ಗಂಡು ಕುದುರೆಯಿಂದ 500 ಹೆಣ್ಣು ಕುದುರೆಗಳವರೆಗೂ ಗರ್ಭಧಾರಣೆ ಸಾಧ್ಯ ಎಂಬ ಖ್ಯಾತಿ ಈ ಪದ್ಧತಿಗೆ ಬಂತು.

ಇಲ್ಲಿಗೇ ನಿಂತಿದ್ದರೆ ಇತಿಹಾಸ ಆತನನ್ನು ಬೇರೆಯಾಗಿ ನೆನೆಯುತ್ತಿತ್ತು. ಜೀಬ್ರಾ ಮತ್ತು ಕತ್ತೆಯಂಥ ಭಿನ್ನ ಜಾತಿಗಳನ್ನು ಕೂಡಿಸುತ್ತಿದ್ದ ಇವಾನೋವ್, 1910ರ ಗ್ರಾಟ್ಸ್ ಸಮ್ಮೇಳನದಲ್ಲಿ ಮನುಷ್ಯ-ವಾನರ ಮಿಶ್ರತಳಿಯ ಸಾಧ್ಯತೆಯನ್ನೂ ಪ್ರಸ್ತಾಪಿಸಿದ. 1917ರ ಕ್ರಾಂತಿ ಹಳೆಯ ಪೋಷಕರನ್ನು ಗುಡಿಸಿ ಹಾಕಿತು. ಹೊಸ ಸರ್ಕಾರ 1925ರಲ್ಲಿ ಆತನ ವಾನರ ಯೋಜನೆಗೆ 10,000 ಡಾಲರ್ ನೀಡಿತು. ಪಾಸ್ತರ್ ಸಂಸ್ಥೆ ಫ್ರೆಂಚ್ ಗಿನಿಯಲ್ಲಿದ್ದ ತನ್ನ ಕೇಂದ್ರವನ್ನು ಬಿಟ್ಟುಕೊಟ್ಟಿತು. 1927ರಲ್ಲಿ ಮೂರು ಹೆಣ್ಣು ಚಿಂಪಾಂಜಿಗಳಿಗೆ ಮನುಷ್ಯನ ವೀರ್ಯ ಸೇರಿಸಲಾಯಿತು. ಒಂದೂ ಗರ್ಭ ಧರಿಸಲಿಲ್ಲ. ಆಸ್ಪತ್ರೆಗೆ ಬಂದ ಆಫ್ರಿಕಾದ ಹೆಂಗಸರಿಗೆ, ಅವರಿಗೆ ತಿಳಿಯದಂತೆ, ವಾನರನ ವೀರ್ಯ ಸೇರಿಸುವ ಯೋಚನೆಯೂ ಆತನಿಗಿತ್ತು. ವಸಾಹತು ಆಡಳಿತ ಅದಕ್ಕೆ ಒಪ್ಪಲಿಲ್ಲ. ಇದಕ್ಕೆ ಯಾವ ಕಾಲಧರ್ಮದ ಸಮರ್ಥನೆಯೂ ಸಲ್ಲದು.

ಆದರೂ ಹಲವು ವರ್ಷ ಕಡತಗಳ ನಡುವೆ ಬದುಕಿದ ನನ್ನಂಥವನಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಹಣ ಮಂಜೂರು ಮಾಡಿದ ಆದೇಶಕ್ಕೂ ಸಹಿ ಹಾಕಿದವರಿದ್ದರು. ಜಗತ್ತು ಅವರ ಹೆಸರನ್ನು ಕೇಳುವುದಿಲ್ಲ.

ಪ್ರಯೋಗ ಕಪ್ಪು ಸಮುದ್ರ ತೀರದ ಸುಖುಮಿಗೆ ವರ್ಗವಾಯಿತು. ಅಲ್ಲಿದ್ದ ಏಕೈಕ ವಯಸ್ಕ ಗಂಡು ವಾನರ, ಒಂದು ಒರಾಂಗುಟಾನ್, 1929ರಲ್ಲಿ ಸತ್ತುಹೋಯಿತು. 1930ರ ಡಿಸೆಂಬರಿನಲ್ಲಿ ಇವಾನೋವ್‌ನನ್ನು ಬಂಧಿಸಿ ಐದು ವರ್ಷಗಳ ಗಡೀಪಾರಿನ ಶಿಕ್ಷೆ ವಿಧಿಸಿ ಆಲ್ಮಾ ಅಟಾಕ್ಕೆ ಕಳುಹಿಸಲಾಯಿತು. ಅಲ್ಲಿಯ ಪಶುವೈದ್ಯ ಸಂಸ್ಥೆಯಲ್ಲಿ ಮತ್ತೆ ಜಾನುವಾರುಗಳ ನಡುವೆಯೇ ದುಡಿದು, 1932ರ ಮಾರ್ಚ್ 20ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡ. ಶ್ರದ್ಧಾಂಜಲಿ ಲೇಖನ ಬರೆದದ್ದು ಪಾವ್ಲೊವ್.

ಏಳು ವರ್ಷಗಳ ನಂತರ, 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳ ಮೇಲೆ ಈ ವಿದ್ಯೆಯನ್ನು ಪ್ರಯೋಗಿಸಿದರು; ಭಾರತದಲ್ಲಿ ಅದೇ ಮೊದಲು. ವೀರ್ಯವನ್ನು ಘನೀಕರಿಸುವ ಗುಟ್ಟು ತಿಳಿದದ್ದು 1949ರಲ್ಲಿ, ಇಂಗ್ಲೆಂಡಿನಲ್ಲಿ, ಗ್ಲಿಸರಿನ್‌ನಿಂದ. ಹೋರಿಯದರಷ್ಟು ಸುಲಭವಾಗಿ ಕುದುರೆಯ ವೀರ್ಯ ಆ ಚಳಿಯನ್ನು ತಾಳದು. ಒಂದರದು ಉಳಿದರೆ ಮತ್ತೊಂದರದು ಕೆಡುತ್ತದೆ. ಘನೀಕರಿಸಿದ ವೀರ್ಯದಿಂದ ಮೊದಲ ಕುದುರೆಮರಿ ಹುಟ್ಟಿದ್ದು 1957ರಲ್ಲಿ, ಕೆನಡಾದಲ್ಲಿ. ಕುಣಿಗಲ್‌ನ ಫಾರಂ ಬೆಳೆಸಿ ಹೆಸರಾದ ರೇಸಿನ ಥರೋಬ್ರೆಡ್ ತಳಿಗೆ ಮಾತ್ರ ಈ ವಿದ್ಯೆ ಇಂದಿಗೂ ನಿಷಿದ್ಧ. ಹಾಗೆ ಹುಟ್ಟಿದ ಮರಿಯ ಹೆಸರು ವಂಶಾವಳಿಯ ದಾಖಲೆಗೆ ಸೇರುವುದಿಲ್ಲ.